ಭಾವನ ಕತ್ತಿ, ಬಾಮೈದನ ಕೆನ್ನೆ

ಜನವರಿ ೯

ಬಾಮೈದನಿಗೆ,

ಇದನ್ನು ರಾಜಿ ಪತ್ರ ಅಂದುಕೊಂಡು ಹಿಗ್ಗಬೇಡ. ಇಲ್ಲಿ ಆಸ್ಪತ್ರೆಯಲ್ಲಿ ನನಗೆ ಮಾತು ಕಲಿಸುವ ಟೀಚರಮ್ಮ ಒಬ್ಬರಿದ್ದಾರೆ, ಅವರ ಕಾಟ ತಡೆಯಲಾರದೆ ಬರೆಸುತ್ತಿದ್ದೇನೆ. ಲಕ್ವ ಹೊಡೆದ ಮೇಲೆ ಬಲಗಾಲು ಎಳೆಯುತ್ತದೆ, ಬಲಗೈ ನನ್ನದೇ ಅಲ್ಲವೆಂಬಂತೆ ಪಕ್ಕದಲ್ಲಿ ಬಿದ್ದಿರುತ್ತದೆ. ‘ನೀರು’ ಅನ್ನಲು ಹೋದರೂ ನಾಲಿಗೆ ಹೊರಳುವುದಿಲ್ಲ. ಬೈಗುಳ ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಬರುತ್ತದೆ. ಮೊನ್ನೆ ಊಟದ ತಟ್ಟೆ ತಡವಾಗಿದ್ದಕ್ಕೆ ನಾನು ಒಂದೇ ಉಸಿರಿಗೆ ಕೂಗಾಡಿದ್ದನ್ನು ಕೇಳಿ ಟೀಚರಮ್ಮ ಚಪ್ಪಾಳೆ ತಟ್ಟಿದರು.

"ಸಿಟ್ಟು ಬಂದಾಗ ನಿಮ್ಗೆ ಮಾತು ಸರಾಗ ಬರತ್ತೆ. ಯಾರ ಮೇಲೆ ಸಿಟ್ಟು ಜಾಸ್ತಿ ಹೇಳಿ, ಅವ್ರಿಗೊಂದು ಕಾಗದ ಬರೆಸಿ," ಅಂದರು. ಮನಸ್ಸಿನಲ್ಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನೋಡಿದೆ. ನಿನ್ನಷ್ಟು ಯೋಗ್ಯರು ಬೇರೆ ಯಾರೂ ಸಿಗಲಿಲ್ಲ.

ಪಕ್ಕದ ಮಂಚದ ಮೇಷ್ಟ್ರು ಬರೆದುಕೊಳ್ಳುತ್ತಿದ್ದಾರೆ. ಜಾರಿ ಬಿದ್ದು ಸೊಂಟ ಮುರಿದುಕೊಂಡವರು, ಬಹಳ ಮರ್ಯಾದಸ್ಥರು. ನಾನು ಹೇಳುವ ಕೆಲವು ಮಾತನ್ನು ಬರೆಯುವುದಿಲ್ಲ ಅಂತ ಹಟ ಹಿಡಿದಿದ್ದಾರೆ. ಅಲ್ಲೆಲ್ಲ ಖಾಲಿ ಜಾಗ ಬಿಡಿ, ಅವನಿಗೆ ಅರ್ಥವಾಗುತ್ತದೆ ಅಂದಿದ್ದೇನೆ.

ಕೇಳು. ಕತ್ತರಿಯಲ್ಲಿ ಯಾವ ಬೆರಳು ಎಲ್ಲಿರಬೇಕು ಅನ್ನುವುದರಿಂದ ಹಿಡಿದು ಎಲ್ಲವನ್ನೂ ನನ್ನ ಅಂಗಡಿಯಲ್ಲಿ ನಿನಗೆ ಕಲಿಸಿದೆ. ಹೆಂಡತಿಯ ತಮ್ಮ ಅಂತಲ್ಲ, ಹುಡುಗನ ಕೈಯಲ್ಲಿ ಕಸುಬಿದೆ ಅಂತ. ನೀನು ಒಂದು ಮಾತೂ ಹೇಳದೆ ರಸ್ತೆಯ ಆಚೆ ಬದಿ, ಸರಿಯಾಗಿ ನನ್ನ ಮೂಗಿನೆದುರು, ನಿನ್ನದೇ ಸಲೂನು ತೆರೆದೆ. ಬೋರ್ಡು ಮೇಲೇರಿದ ಮೇಲೆ ನನಗೆ ಗೊತ್ತಾಯಿತು. ಅವತ್ತು ನಿನ್ನ ಮುಖ ನೋಡಿ ಮಾತಾಡಲ್ಲ ಅಂದೆ, ಇಷ್ಟು ವರ್ಷ ನಡೆಸಿಕೊಂಡೆ. ಈಗಲೂ ಮಾತಾಡುತ್ತಿಲ್ಲ, ಬರೆಸುತ್ತಿದ್ದೇನೆ.

ನಾನು ವಾಪಸ್ ಬರುತ್ತೇನೆ. ಇದೇ ಬಲಗೈಯಲ್ಲಿ ಕತ್ತಿ ಹಿಡಿಯುತ್ತೇನೆ. ಅಷ್ಟರಲ್ಲಿ ನನ್ನ ಗಿರಾಕಿಗಳನ್ನೆಲ್ಲ ಗುಡಿಸಿ ಹಾಕಿಕೊಳ್ಳಬೇಡ.

ನಿನ್ನ ಅಕ್ಕನ ಗಂಡ
(ಅಕ್ಷರ ಮೇಷ್ಟ್ರದ್ದು, ಸಿಟ್ಟು ನನ್ನದು)


ಜನವರಿ ೨೦

ಭಾವನವರಿಗೆ,

ನಿಮ್ಮ ಸಿಟ್ಟು ಕ್ಷೇಮವಾಗಿ ತಲುಪಿತು. ಖಾಲಿ ಜಾಗಗಳನ್ನು ತುಂಬಿಕೊಂಡೇ ಓದಿದೆ. ಒಂದೆರಡು ಕಡೆ ಮೇಷ್ಟ್ರು ಇನ್ನಷ್ಟು ಜಾಗ ಬಿಡಬೇಕಿತ್ತು.

ಹೇಳದೆ ಹೋದೆ ಅನ್ನುತ್ತೀರಿ. ಹೇಳಲು ಎಷ್ಟು ಸಲ ಬಾಯಿ ತೆಗೆದೆ ಅಂತ ನನಗೇ ಗೊತ್ತು. ಪ್ರತಿ ಸಲವೂ ನೀವು "ಗಿರಾಕಿ ಇದಾರೆ, ಬಾಯಿ ಮುಚ್ಕೊಂಡು ಕೆಲಸ ನೋಡು" ಅಂದಿರಿ. ಮದುವೆಯಾಗಿ ಎರಡು ಮಕ್ಕಳಾದ ಮೇಲೂ ನಾನು ನಿಮ್ಮ ಕಣ್ಣಿಗೆ ಕೂದಲು ಗುಡಿಸುವ ಹುಡುಗನೇ ಆಗಿದ್ದೆ. ಈಗ ಆ ಮಾತು ಬೇಡ ಬಿಡಿ.

ನಿಮ್ಮ ಗಿರಾಕಿಗಳನ್ನು ಗುಡಿಸಿಕೊಳ್ಳುವುದು ಯಾರಿಂದಲೂ ಆಗುವ ಕೆಲಸವಲ್ಲ. ಅರ್ಧ ಜನ ನನ್ನಲ್ಲಿಗೆ ಬರುತ್ತಾರೆ, ನಿಜ. ಕೂತ ತಕ್ಷಣ ಶುರು: "ನಿಮ್ಮ ಭಾವ ಹಿಂಗೆ ಹಿಡೀತಿರ್ಲಿಲ್ಲ. ನಿಮ್ಮ ಭಾವ ಕಿವಿ ಹಿಂದೆ ಇನ್ನೊಂದ್ಸಲ ನೋಡೋರು." ಬಟ್ಟೆ ಹೊದಿಸಿಕೊಂಡು ಕೂತು ನನ್ನ ಅಂಗಡಿಯಲ್ಲೇ ನಿಮ್ಮನ್ನು ಹೊಗಳುತ್ತಾರೆ. ಉಳಿದರ್ಧ ಜನ ನೀವು ಬರುವವರೆಗೆ ಕಾಯುತ್ತೇವೆ ಅಂತ ಕೂದಲು ಬೆಳೆಸಿಕೊಂಡು ಓಡಾಡುತ್ತಿದ್ದಾರೆ. ಅಂಚೆಯವನಂತೂ ಈಗ ನಾಟಕದ ಕಂಪನಿ ಸೇರಬಹುದು.

ಅಕ್ಕ ನನ್ನೆದುರು ಧೈರ್ಯವಾಗಿರುತ್ತಾಳೆ. ನೀವು ಆಸ್ಪತ್ರೆಯ ಬಗ್ಗೆ ಏನೂ ಹೇಳುವುದಿಲ್ಲವಂತೆ. ಎಂಥ ಜಾಗ, ಏನೇನು ಮಾಡಿಸುತ್ತಾರೆ, ಬರೆಸಿ. ಅಕ್ಕನಿಗೋಸ್ಕರ ಕೇಳುತ್ತಿದ್ದೇನೆ.

ಬಾಮೈದ

ಮರೆತಿದ್ದೆ: ನಿಮ್ಮ ದೊಡ್ಡ ಕನ್ನಡಿಯ ಕೆಳಮೂಲೆಯಲ್ಲಿ ಕಪ್ಪು ಮಚ್ಚೆ ಏಳುತ್ತಿದೆ. ಹಿಂದಿನ ಗೋಡೆಗೆ ತೇವ ಹತ್ತಿರಬೇಕು.


ಫೆಬ್ರವರಿ ೧೧

ಬಾಮೈದನಿಗೆ,

ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡು. ನನ್ನ ಅಂಗಡಿಯ ಬಾಗಿಲು ಮುಚ್ಚಿದೆ. ಕನ್ನಡಿಯ ಕೆಳಮೂಲೆ ರಸ್ತೆಯ ಆಚೆಯಿಂದ ನಿನಗೆ ಹೇಗೆ ಕಾಣಿಸಿತು? ಮೇಷ್ಟ್ರಿಗೂ ಇದೇ ಸಂಶಯ.

ಈಗ ಆಸ್ಪತ್ರೆ. ನಿನ್ನ ಅಕ್ಕನಿಗೆ ಓದಿ ಹೇಳು. ದಪ್ಪಕ್ಷರದಲ್ಲಿ ‘ಪುನಶ್ಚೇತನ ಆಸ್ಪತ್ರೆ’ ಅಂತ ಬರೆದಿದ್ದರೂ ಆಟೋದವರೆಲ್ಲ ‘ಶೆಡ್ಡಾಸ್ಪತ್ರೆ’ ಅಂತಲೇ ಅನ್ನುವುದು. ಯಾಕೆಂದರೆ ಇದು ಮೊದಲು ಬಸ್ ರಿಪೇರಿ ಶೆಡ್ಡಾಗಿತ್ತು. ಅಲ್ಲಿ ಒಂದು ದಿನ ಜಾಕ್ ಜಾರಿ ಬಸ್ಸು ಕುಸಿದು, ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ಕನ ಎರಡೂ ಕಾಲು ಹೋದವಂತೆ. ಅವನಿಗೆ ಔಷಧಿ ಮಾಡಿದ ಡಾಕ್ಟರು, "ಗಾಯ ಮಾಯಿತು, ಇನ್ನು ಮನೆಗೆ ಹೋಗು" ಅಂದರಂತೆ. ಆ ಮೆಕ್ಯಾನಿಕ್ಕು, "ಮನೆಗೆ ಹೋಗಿ ಏನ್ ಮಾಡ್ಲಿ ಸಾರ್?" ಅಂದನಂತೆ. ಡಾಕ್ಟರು ನೇರ ಶೆಡ್ಡಿನವರ ಬಳಿ ಹೋದರಂತೆ. ಶೆಡ್ಡಿನ ಒಂದು ಮೂಲೆ ಬೇಡಿ ಪಡೆದು, ಅದೇ ಮೆಕ್ಯಾನಿಕ್ಕನನ್ನೂ ಒಬ್ಬ ಬಡಗಿಯನ್ನೂ ಕೂರಿಸಿಕೊಂಡು ಮರದ ಕಾಲು ಮಾಡಲು ಶುರುಮಾಡಿದರು. ಬಸ್ಸಿನ ಕೆಳಗೆ ಇಳಿಯುವ ಗುಂಡಿಗೆ ಸಿಮೆಂಟು ಬಳಿದು, ನೀರು ತುಂಬಿಸಿ, ಕಾಲು ಎತ್ತಲಾಗದವರನ್ನು ಅದರಲ್ಲಿ ನಡೆಸಿದರು. ಈಗ ಅಲ್ಲೇ ದೊಡ್ಡ ಕೊಳವಿದೆ, ಬೆಚ್ಚಗಿನ ನೀರು. ಕಾಲಿನ ಕಾರ್ಖಾನೆಯೂ ಇದೆ. ಮಾತು ಕಲಿಸುವ ಕೋಣೆ, ಹಿಡಿದು ನಡೆಯುವ ಕಂಬಿಗಳು, ಒಂದೇ ಕೈಯಲ್ಲಿ ಅಡುಗೆ ಮಾಡುವುದನ್ನು ಕಲಿಸುವ ಅಡುಗೆಮನೆ, ಎಲ್ಲ ಇದೆ.

ನನಗೆ ಹಿಡಿಸಿದ್ದು ಕಸುಬಿನ ಹಾಲ್, ಅಂದರೆ ದೊಡ್ಡ ಕೋಣೆ. ಉದ್ದಕ್ಕೆ ಒಬ್ಬೊಬ್ಬರ ಕಸುಬಿಗೂ ಒಂದೊಂದು ಮೂಲೆ. ಡ್ರೈವರಿಗೆ ಸ್ಟೀರಿಂಗು, ದರ್ಜಿಗೆ ಹೊಲಿಗೆ ಯಂತ್ರ, ಮೇಷ್ಟ್ರಿಗೆ ಕಪ್ಪು ಹಲಗೆ. ಕ್ಷೌರದವರು ಇಲ್ಲಿಗೆ ಬಂದಿರಲೇ ಇಲ್ಲವಂತೆ. ನನಗಾಗಿ ಉಗ್ರಾಣದಿಂದ ಒಂದು ಆಳೆತ್ತರದ ಕನ್ನಡಿ ಹುಡುಕಿ ತಂದಿದ್ದಾರೆ, ಗೋಡೆಗೆ ಒರಗಿಸಿಟ್ಟಿದ್ದಾರೆ. ನಾನು ಆ ಕಡೆ ನೋಡುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಕೈಗೆ ಕಸರತ್ತು ಮಾಡಿಸುವ ಥೆರಪಿ ಮೇಡಂ ಒಂದು ಉಪಾಯ ತಂದರು. ಮೇಜಿನ ನಡುವೆ ಸಣ್ಣ ಕನ್ನಡಿ ನಿಲ್ಲಿಸಿ, ಕೆಟ್ಟ ಕೈಯನ್ನು ಅದರ ಹಿಂದೆ ಬಚ್ಚಿಡುವುದು. ಒಳ್ಳೆಯ ಎಡಗೈಯನ್ನು ಮುಂದೆ ಆಡಿಸುತ್ತಾ ಕನ್ನಡಿಯನ್ನೇ ನೋಡುವುದು. ನೋಡುವವರಿಗೆ ಬಲಗೈಯೇ ಆಡಿದಂತೆ ಕಾಣುತ್ತದೆ, ತಲೆ ಮೋಸಹೋಗುತ್ತದೆ, ನಿಧಾನಕ್ಕೆ ಬಲಗೈ ನಿಜವಾಗಿಯೂ ಎದ್ದೇಳುತ್ತದೆ. ಡ್ರೈವರಿಗೆ ಹೀಗೆಯೇ ಬೆರಳು ಬಂತು. ದರ್ಜಿಗೂ ಬಂತು.

ನನಗೆ ಬರಲಿಲ್ಲ ಕಣೋ. ಕನ್ನಡಿಯಲ್ಲಿ ಎಡ ಬಲ ತಿರುಗುವುದನ್ನು ನೋಡುತ್ತಲೇ ತಲೆ ನೆರೆತವನು ನಾನು. ಎಷ್ಟು ದಿಟ್ಟಿಸಿದರೂ ಅದು ನನ್ನ ಎಡಗೈಯೇ ಅಂತ ಕಾಣುತ್ತದೆ. "ಸ್ವಲ್ಪ ನಂಬಿ ಸಾರ್, ಸುಮ್ನೆ ನಂಬಿ" ಅಂತ ಮೇಡಂ ಗೋಗರೆಯುತ್ತಾರೆ. ಅನ್ನ ಕೊಟ್ಟ ಕನ್ನಡಿಯೇ ಕೈ ಬಿಟ್ಟಿತು. ನನಗೆ ಹೆದರಿಕೆಯಾಗುತ್ತಿದೆ. ಇದನ್ನು ನಿನ್ನ ಅಕ್ಕನಿಗೆ ಓದಬೇಡ.

ಭಾವ


ಫೆಬ್ರವರಿ ೧೮

ಭಾವ,

ನಿಮ್ಮ ಪ್ರಶ್ನೆಗೆ ಉತ್ತರ: ಬೀಗದ ಕೈ ಅಕ್ಕ ಕೊಟ್ಟಳು. ನೀವು ಹೋದ ಮಾರನೇ ದಿನದಿಂದ ಬೆಳಿಗ್ಗೆ ನನ್ನ ಅಂಗಡಿ ತೆಗೆಯುವ ಮೊದಲು ನಿಮ್ಮದನ್ನು ತೆಗೆದು, ಕಸ ಹೊಡೆದು, ಕನ್ನಡಿ ಒರೆಸಿ, ಕುರ್ಚಿಗೆ ಎಣ್ಣೆ ಬಿಟ್ಟು ಮುಚ್ಚುತ್ತೇನೆ. ಬೇಕಾದರೆ ಇದಕ್ಕೂ ಬೈಯಿರಿ, ಮಾತು ಸುಧಾರಿಸಲಿ. ಗೋಡೆಯ ತೇವಕ್ಕೆ ಗಾರೆಯವನನ್ನು ಕರೆದಿದ್ದೇನೆ.

ಕನ್ನಡಿಯ ವಿಷಯ ಓದಿ ಇಡೀ ದಿನ ಕೆಲಸದಲ್ಲಿ ಮನಸ್ಸಿಲ್ಲ. ಒಬ್ಬರ ಮೀಸೆ ಒಂದು ಕಡೆ ಸಣ್ಣದಾಯಿತು. ಆಮೇಲೆ ಹೊಳೆಯಿತು. ನೀವು ಯಾವತ್ತಾದರೂ ನಿಮ್ಮ ಕೈ ನೋಡಿಕೊಂಡು ಕೆಲಸ ಮಾಡಿದ್ದೀರಾ? ನಾನು ಕತ್ತಿಯ ಮೇಲೆ ಕಣ್ಣಿಟ್ಟಾಗಲೆಲ್ಲ ತಲೆಗೆ ಮೊಟಕಿ, "ಕೈ ನೋಡ್ಬೇಡ, ಮುಖ ನೋಡು. ಕೈ ತಾನಾಗೇ ಬರತ್ತೆ" ಅಂತಿದ್ದಿರಿ. ಆ ಮೇಡಂ ನಿಮಗೆ ಕೈ ತೋರಿಸುತ್ತಿದ್ದಾರೆ. ಒಂದು ತಲೆ ತೋರಿಸಲಿ. ಕುರ್ಚಿಯಲ್ಲಿ ಯಾರನ್ನಾದರೂ ಕೂರಿಸಿ ನಿಮ್ಮನ್ನು ಹಿಂದೆ ನಿಲ್ಲಿಸಲಿ.

ನನಗೆ ಡಾಕ್ಟರಿಕೆ ಗೊತ್ತಿಲ್ಲ. ನಿಮ್ಮ ಕೈ ಗೊತ್ತು.

ಬಾಮೈದ


ಮಾರ್ಚ್ ೨೮

ಬಾಮೈದನಿಗೆ,

ಅಕ್ಷರ ನೋಡು. ಕೋಳಿ ಕೆದರಿದ ಹಾಗಿದೆ ಅಂತ ನಗು, ಪರವಾಗಿಲ್ಲ. ಬಲಗೈಯಲ್ಲಿ ಬರೆದದ್ದು. ಪೆನ್ನಿಗೆ ಸ್ಪಂಜು ಸುತ್ತಿ ಬದನೆಕಾಯಿಯಷ್ಟು ದಪ್ಪ ಮಾಡಿಕೊಟ್ಟಿದ್ದಾರೆ. ದಿನಕ್ಕೆ ಸ್ವಲ್ಪ ಸ್ವಲ್ಪ ಬರೆದು ವಾರವಾಯಿತು.

ನಿನ್ನ ಕಾಗದವನ್ನು ಮೇಷ್ಟ್ರು ಗಟ್ಟಿಯಾಗಿ ಓದುತ್ತಿದ್ದಾಗ ಮೇಡಂ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. "ಅಯ್ಯೋ, ಇದು ನಂಗೆ ಯಾಕೆ ಹೊಳೀಲಿಲ್ಲ!" ಅಂದವರೇ ನಮ್ಮಿಬ್ಬರನ್ನೂ ಕಸುಬಿನ ಹಾಲಿಗೆ ಎಳೆದುಕೊಂಡು ಹೋದರು. ಮೇಷ್ಟ್ರನ್ನು ದೊಡ್ಡ ಕನ್ನಡಿಯೆದುರು ಕೂರಿಸಿ ಬಿಳಿ ಬಟ್ಟೆ ಹೊದಿಸಿದರು. ನನ್ನ ಸೊಂಟಕ್ಕೆ ಪಟ್ಟಿ ಕಟ್ಟಿ ಹಿಂದೆ ನಿಲ್ಲಿಸಿ, ಸತ್ತ ಕೈಯನ್ನು ಎತ್ತಿ ಮೇಷ್ಟ್ರ ಕಿವಿಯ ಪಕ್ಕ, ಕುರ್ಚಿಯ ಒರಗಿನ ಮೇಲಿಟ್ಟರು. "ಈಗ ಏನು ಮಾಡ್ಬೇಕು?" ಅಂದೆ. "ಏನೂ ಬೇಡ. ಅಂಗಡೀಲಿ ಏನ್ ಮಾತಾಡ್ತಿದ್ರೋ ಅದನ್ನೇ ಆಡಿ," ಅಂದರು.

ನಾನು ನಿನ್ನ ಬಗ್ಗೆ ಚಾಡಿ ಹೇಳಲು ಶುರುಮಾಡಿದೆ. ಮೊದಲ ದಿನ ಏನೂ ಆಗಲಿಲ್ಲ. ಆಮೇಲೂ ಕೆಲವು ದಿನ ಏನೂ ಇಲ್ಲ. ಒಂದು ಮಧ್ಯಾಹ್ನ ಊಟವಾದ ಮೇಲೆ ಮೇಷ್ಟ್ರಿಗೆ ತೂಕಡಿಕೆ ಬಂತು. ತಲೆ ಬಲಕ್ಕೆ ವಾಲಿ ನನ್ನ ಕೈಮೇಲೆ ಬಿತ್ತು. ನಾನು ಕನ್ನಡಿಯಲ್ಲಿ ಅವರ ಮುಖ ನೋಡುತ್ತಾ ಕಥೆ ಹೇಳುತ್ತಲೇ ಇದ್ದೆ. ಮೇಷ್ಟ್ರು ಫಕ್ಕನೆ ಕಣ್ಣು ಬಿಟ್ಟು, "ರೀ, ನನ್ನ ತಲೆ ನೆಟ್ಟಗೆ ಮಾಡಿದ್ದು ಯಾರು?" ಅಂದರು.

ನೋಡಿದರೆ ನನ್ನ ಎರಡು ಬೆರಳು ಅವರ ತಲೆಯ ಪಕ್ಕಕ್ಕೆ ಆತುಕೊಂಡಿವೆ. ನಾನು ತಳ್ಳಿದ್ದು ನನಗೇ ಗೊತ್ತಿಲ್ಲ. ಹೊಲಿಗೆ ಯಂತ್ರ ನಿಂತಿತು. ಡ್ರೈವರು ಸ್ಟೀರಿಂಗು ಬಿಟ್ಟು ಓಡಿ, ಅಂದರೆ ಅವನಿಂದ ಆದಷ್ಟು ಓಡಿ ಬಂದ. ನಾನು ಅತ್ತೆ ಕಣೋ. ಎಲ್ಲರೆದುರು ಅತ್ತೆ, ನಾಚಿಕೆಯಾಗಲಿಲ್ಲ.

ಅಲ್ಲಿಂದ ಮುಂದೆ ದಿನಾ ಒಂದು ತಲೆ. ಬಾಚುವುದು, ನೀರು ಸಿಂಪಡಿಸುವುದು, ಬ್ರಷ್ಷಿನಲ್ಲಿ ನೊರೆ ಏಳಿಸುವುದು. ಈಗ ಬಲೂನು ಊದಿ, ನೊರೆ ಹಚ್ಚಿ, ಕತ್ತಿಯಲ್ಲಿ ತೆಗೆಯುತ್ತೇನೆ. ನಿನಗೆ ಕಲಿಸಿದ್ದೂ ಹೀಗೇ ಅಲ್ಲವೇ. ಬಲೂನು ಒಡೆದಾಗಲೆಲ್ಲ ಇಡೀ ವಾರ್ಡಿಗೆ ನನ್ನ ಸುದ್ದಿ ತಲುಪುತ್ತದೆ. ಈಚೆಗೆ ಸುದ್ದಿ ಕಡಿಮೆಯಾಗಿದೆ.

ಇಲ್ಲೊಂದು ಪದ್ಧತಿಯಿದೆ, ಆ ಮೊದಲ ಡಾಕ್ಟರ ಕಾಲದ್ದು. ಮನೆಗೆ ಕಳಿಸುವ ಮೊದಲು ಅವರವರ ಕಸುಬಿನ ಒಂದು ಪೂರ್ತಿ ಕೆಲಸ ಮಾಡಿ ತೋರಿಸಬೇಕು, ಅದೂ ಮನೆಯವರ ಮೇಲೆ. ದರ್ಜಿ ತನ್ನ ಅಳಿಯನಿಗೆ ಅಂಗಿ ಹೊಲಿದ. ಡ್ರೈವರು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಅಂಗಳದ ಸುತ್ತ ವ್ಯಾನು ಓಡಿಸಿದ. ನಾಳೆ ಈ ಕೈಯನ್ನು ನಂಬಬೇಕಾದವರು ಮನೆಯವರೇ, ಅದಕ್ಕೆ ಅಂತೆ. ನನ್ನದು ಏಪ್ರಿಲ್ ಕೊನೆಯ ಭಾನುವಾರ. ಅವತ್ತು ಆಗದಿದ್ದರೆ ಅಂಗಡಿ ಬಿಟ್ಟುಬಿಡುತ್ತೇನೆ ಅಂತ ತೀರ್ಮಾನಿಸಿದ್ದೇನೆ.

ನಿನ್ನ ಅಕ್ಕನಿಗೆ ಗಡ್ಡವಿಲ್ಲ. ಮೇಷ್ಟ್ರು ಊರಿಗೆ ಹೋದರು. ನಿನ್ನನ್ನು ಬಾ ಅಂತ ಕರೆಯುತ್ತಿಲ್ಲ. ವಿಷಯ ತಿಳಿಸಿದೆ ಅಷ್ಟೇ.

ಭಾವ


ಮೇ ೨

ಬಾಮೈದನಿಗೆ,

ಭಾನುವಾರ ನೀನು ಅಷ್ಟು ದೂರದಿಂದ ಬಂದೆ. ಅದಕ್ಕೆ ನಾನು ಒಂದು ಒಳ್ಳೆಯ ಮಾತೂ ಆಡಲಿಲ್ಲ. ಈಗಲೂ ಬರುತ್ತಿಲ್ಲ.

ಇಷ್ಟು ವರ್ಷದ ಮೇಲೆ ಹತ್ತಿರದಿಂದ ನೋಡಿದೆ, ನಿನ್ನ ಗಡ್ಡ ಎದೆಗೆ ಇಳಿದಿದೆ, ಅದರಲ್ಲಿ ಬೆಳ್ಳಿಕೂದಲು. ಕತ್ತರಿಯಲ್ಲಿ ಗಿಡ್ಡ ಮಾಡಿ, ನೊರೆ ಹಚ್ಚಿ, ಎಡಗೆನ್ನೆ ತೆಗೆದೆ. ಚೆನ್ನಾಗಿ ಬಂತು, ನನಗೇ ಗೊತ್ತಾಗುತ್ತಿತ್ತು. ನೀನು ಕಣ್ಣು ಮುಚ್ಚಿ ಕೂತಿದ್ದೆ, ಉಸಿರು ಕೂಡ ಸಣ್ಣಗಿತ್ತು. ಬಲಗೆನ್ನೆಗೆ ಕತ್ತಿ ಇಟ್ಟಾಗ ಭುಜ ಸೋತಿತು. ಕೆಳಗೆ ನಿನ್ನ ಕತ್ತಿನ ನರ ಕಾಣುತ್ತಿತ್ತು. ತಡೆದು ನಿಂತೆ, ನೋಡುತ್ತಾ ನೋಡುತ್ತಾ ನೊರೆ ಒಣಗಿತು. ನೊರೆ ಒಣಗುವ ಮೊದಲು ಮುಗಿಸದವನು ಕ್ಷೌರದವನೇ ಅಲ್ಲ ಅಂತ ನಿನಗೆ ಹೇಳಿಕೊಟ್ಟವನು ನಾನೇ. ಕತ್ತಿ ಕೆಳಗಿಟ್ಟೆ.

ಕೈ ತೊಳೆಯುವ ಕಡೆ ಕನ್ನಡಿಯಿದೆ, ಉಳಿದದ್ದು ನೀನೇ ತೆಗೆದುಕೊಂಡು ಹೋಗು ಅಂದೆ. ನೀನು "ಹೂಂ" ಅಂದು ಎದ್ದು ಹೋದೆ. ನಾನು ತಿರುಗಿ ನೋಡಲಿಲ್ಲ.

ಅಕ್ಕನಿಗೆ ಹೇಳು, ಅಂಗಡಿ ಬಿಡೋಣ. ನೀನೂ ಇನ್ನು ದಿನಾ ಬೆಳಿಗ್ಗೆ ಬಾಗಿಲು ತೆಗೆಯುವ ಕಷ್ಟ ಪಡಬೇಡ. ಅವತ್ತಿನಿಂದ ನಾನು ಕೊಳಕ್ಕೆ ಇಳಿದಿಲ್ಲ, ಕಸುಬಿನ ಹಾಲಿಗೂ ಹೋಗಿಲ್ಲ. ಇಷ್ಟು ಬರೆಯುವ ಕೈ ಉಳಿಯಿತಲ್ಲ, ಸಾಕು.

ಭಾವ


ಮೇ ೧೦

ಭಾವ,

ಅಕ್ಕನಿಗೆ ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ಅವಳು ನನ್ನ ಮುಖ ನೋಡಿ ನಕ್ಕು ಸುಸ್ತಾಗಿ ಕೂತಿದ್ದಾಳೆ, ಅದನ್ನು ಕೆಡಿಸುವುದು ಬೇಡ.

ನಾನು ಆ ಕನ್ನಡಿಯ ಕಡೆಗೆ ಹೋಗಲೇ ಇಲ್ಲ. ಮುಖ ತೊಳೆದು ನೇರ ಬಸ್ ಸ್ಟ್ಯಾಂಡಿಗೆ ನಡೆದೆ. ಎಡಗಡೆ ಮದುಮಗ, ಬಲಗಡೆ ಗಿಡ್ಡ ಗಡ್ಡದ ಸನ್ಯಾಸಿ. ಬಸ್ಸಿನಲ್ಲಿ ಕಂಡಕ್ಟರು ಆ ಕಡೆಯಿಂದೊಮ್ಮೆ, ಈ ಕಡೆಯಿಂದೊಮ್ಮೆ ನೋಡಿ, "ಟಿಕೆಟ್ ಒಂದಾ, ಎರಡಾ?" ಅಂದ. ಮಕ್ಕಳು ಎರಡು ದಿನ ನನ್ನ ಒಂದೇ ಪಕ್ಕದಲ್ಲಿ ಕೂತು ಊಟ ಮಾಡಿದರು. ನನ್ನವಳು, "ಈ ಅವತಾರದಲ್ಲಿ ಅಂಗಡಿ ತೆಗೆದ್ರೆ ಯಾರು ಬರ್ತಾರೆ?" ಅಂದಳು. ಜನ ಬಂದರು. ಕೆಲವರು ನೋಡಿಕೊಂಡೇ ಹೋಗಲು ಬಂದರು. ಇಬ್ಬರು ಮೂವರು, "ಮೊದ್ಲು ನಿಂದು ಮಾಡ್ಕೊಳ್ಳಪ್ಪ" ಅಂತ ಎದ್ದೂ ಹೋದರು.

ಕ್ಷೌರದವನ ಮುಖವೇ ಅವನ ಬೋರ್ಡು ಅನ್ನುತ್ತಿದ್ದಿರಿ. ನನ್ನ ಬೋರ್ಡು ಈಗ ಅರ್ಧ ಬರೆದಿಟ್ಟ ಹಾಗಿದೆ. ನೀವು ತೆಗೆದ ಕೆನ್ನೆ ಮತ್ತೆ ಚುಚ್ಚತೊಡಗಿದರೆ ಅಷ್ಟನ್ನು ಮಾತ್ರ ನಾನೇ ತೆಗೆದುಕೊಳ್ಳುತ್ತೇನೆ, ನಿಮ್ಮ ಕೆಲಸ ಕೆಡಬಾರದು ನೋಡಿ. ಬಲಗೆನ್ನೆ ಮುಟ್ಟಿಲ್ಲ.

ಏನಯ್ಯಾ ಇದು ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತೇನೆ: "ನಮ್ಮ ಭಾವ ಮಾಡ್ತಿದಾರೆ. ಇನ್ನೂ ಮುಗಿದಿಲ್ಲ."

ನೊರೆ ಒಣಗಿದರೆ ಮತ್ತೆ ಹಚ್ಚಿದರಾಯಿತು ಭಾವ. ನಿಮ್ಮ ಹತ್ತಿರ ಇರುವುದು ಒಂದೇ ಗಿರಾಕಿ, ಅವನಿಗೆ ಯಾವ ಅವಸರವೂ ಇಲ್ಲ. ಸಾಯುವವರೆಗೆ ಹೀಗೇ ಓಡಾಡಿಸುತ್ತೀರೋ, ಬಂದು ಮುಗಿಸುತ್ತೀರೋ, ನಿಮಗೆ ಬಿಟ್ಟದ್ದು.

ನಿಮ್ಮ ಬಾಮೈದ


ಜೂನ್ ೭

ಬಾಮೈದನಿಗೆ,

ನಿನ್ನ ಕಾಗದ ಬಂದ ದಿನ ಓದಿ ಬೈದೆ. ಮೇಷ್ಟ್ರಿದ್ದಿದ್ದರೆ ಹಾಳೆ ತುಂಬ ಖಾಲಿ ಜಾಗ ಬಿಡಬೇಕಾಗುತ್ತಿತ್ತು. ಕಸುಬಿನವನು ಅರ್ಧ ಮುಖ ಹೊತ್ತುಕೊಂಡು ಅಂಗಡಿಯಲ್ಲಿ ನಿಲ್ಲುವುದೇ? ನನ್ನ ಮಾನ, ನಿನ್ನ ಮಾನ, ಎರಡನ್ನೂ ಒಟ್ಟಿಗೆ ಬೀದಿಗೆ ತಂದಿದ್ದೀಯ. ಬೈದು ಮುಗಿಸಿ ನೋಡಿದರೆ ಮೇಡಂ ನಗುತ್ತಾ ನಿಂತಿದ್ದಾರೆ. "ಹಾಗಾದ್ರೆ ಹಾಲಿಗೆ ಹೋಗೋಣ್ವಾ?" ಅಂದರು. ಹೋದೆ.

ಈಗ ಭುಜ ಮೊದಲಿಗಿಂತ ಹೆಚ್ಚು ಹೊತ್ತು ತಡೆಯುತ್ತದೆ. ಪೂರ್ತಿ ತಡೆಯುತ್ತದೆ ಅಂತ ಸುಳ್ಳು ಹೇಳುವುದಿಲ್ಲ. ಮೇಡಂ ಒಂದು ಎತ್ತರದ ಸ್ಟೂಲು ಮಾಡಿಸಿಕೊಟ್ಟಿದ್ದಾರೆ. ಸುಸ್ತಾದರೆ ಅದರ ಮೇಲೆ ಕೂತು, ನೀರು ಕುಡಿದು, ಮತ್ತೆ ಏಳುವುದು. ಹಾಗೆಯೇ ವಾರ್ಡಿನ ಅಡುಗೆಯವರ ಗಡ್ಡ ತೆಗೆದೆ. ಕೂತು ಎದ್ದು, ಕೂತು ಎದ್ದು, ಬೆಳಗಿನ ಕಾಫಿಯಿಂದ ಶುರುವಾದದ್ದು ಅವರು ಊಟಕ್ಕೆ ಅಕ್ಕಿ ಹಾಕುವ ಹೊತ್ತಿಗೆ ಮುಗಿಯಿತು. ಒಂದು ಗೀರೂ ಇಲ್ಲ. ವಾರ್ಡಿಗೆ ಊಟ ತಡವಾಯಿತು, ನಾನು ಮಾತ್ರ ಬೈಯಲಿಲ್ಲ.

ಅಂಗಡಿ ಬಿಡುವ ಮಾತನ್ನು ಬಿಟ್ಟಿದ್ದೇನೆ. ಬುಧವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬಸ್ ಸ್ಟ್ಯಾಂಡಿಗೆ ಬರಬೇಡ, ನಿನ್ನ ಪಕ್ಕ ನಡೆಯಲು ನನಗೆ ನಾಚಿಕೆ. ನನ್ನ ಅಂಗಡಿಯ ಬಾಗಿಲು ತೆಗೆದು, ನೀರು ಬಿಸಿ ಮಾಡಿ, ಬಟ್ಟೆ ಹೊದ್ದು ಕುರ್ಚಿಯಲ್ಲಿ ಕೂತಿರು. ನಾನು ನಿಧಾನ ಮಾಡುತ್ತೇನೆ. ನಡುನಡುವೆ ನಿಲ್ಲಿಸುತ್ತೇನೆ, ಕೂರುತ್ತೇನೆ, ಮತ್ತೆ ಏಳುತ್ತೇನೆ.

ನೀನು ಈ ಸಲ ಎದ್ದು ಹೋಗಬೇಡ.

ನಿನ್ನ ಭಾವ